ಧಾರಕ ಬದಲಿಸಿದರೆ ಸಾಕೆ? ಬೇಸ್ ಗಿಟಾರಿಗೆ ವಾಲ್ವ್ ವರ್ಧಕ: ಒಂದು ವಿಮರ್ಶೆ

ಹಳೆಯ ರೇಡಿಯೊಗಳಲ್ಲಿದ್ದಂಥ ವಾಲ್ವ್‌ಗಳು ವಿದ್ಯುತ್ ಗಿಟಾರಿನ ವರ್ಧಕಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಇಂಥ ವರ್ಧಕವನ್ನು ಬೇಸ್ ಗಿಟಾರಿಗೆ ಹೊಂದಿಸಲು ಹವ್ಯಾಸಿಗಳಲ್ಲಿ ಒಂದು ಸಲಹೆ ಪ್ರಚಲಿತವಾಗಿದೆ: ಒಂದು ಹಂತದಿಂದ ಮುಂದಿನ ಹಂತಕ್ಕೆ ಸಂಕೇತವನ್ನು ಸಾಗಿಸುವ ಧಾರಕಗಳನ್ನು, ಅಂದರೆ ಕೆಪಾಸಿಟರುಗಳನ್ನು ತೆಗೆದು, ದೊಡ್ಡ ಬೆಲೆಯವನ್ನು ಹಾಕಿ. ಈ ಸಲಹೆ ಎಷ್ಟು ಸರಿ? ಲೆಕ್ಕ ಹಾಕಿ ನೋಡೋಣ.

ಗಿಟಾರಿನ ಅತಿ ಕೆಳಗಿನ ತಂತಿಯ ಆವೃತ್ತಿ 82.4 ಹರ್ಟ್ಸ್. ನಾಲ್ಕು ತಂತಿಯ ಬೇಸ್ ಗಿಟಾರಿನದು ಅದರ ಅರ್ಧ, 41.2 ಹರ್ಟ್ಸ್. ಅನೇಕ ವರ್ಧಕಗಳಲ್ಲಿ ಕೊನೆಯ ವಾಲ್ವ್‌ಗಳ ಮುಂದೆ 0.022 ಮೈಕ್ರೋಫ್ಯಾರಡ್ ಧಾರಕವೂ 220 ಕಿಲೋಓಮ್ ರೋಧಕವೂ ಇರುತ್ತವೆ. f = 1/2πRC ಸೂತ್ರದಂತೆ ಇವುಗಳ ಕಡಿತ ಆವೃತ್ತಿ ಸುಮಾರು 33 ಹರ್ಟ್ಸ್. 41.2 ಹರ್ಟ್ಸ್‌ನಲ್ಲಿ ವೋಲ್ಟೇಜು ಶೇ. 22ರಷ್ಟು ಮಾತ್ರ ಕುಗ್ಗುತ್ತದೆ. ಧಾರಕವನ್ನು 0.1 ಮೈಕ್ರೋಫ್ಯಾರಡ್‌ಗೆ ಏರಿಸಿದರೆ ಈ ನಷ್ಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ಸಲಹೆಯಲ್ಲಿ ಹುರುಳಿದೆ, ನಿಜ. ಆದರೆ ಗಳಿಕೆ ಅಷ್ಟೇ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸಂಕೇತ ಅತಿ ಜೋರಾದಾಗ ವಾಲ್ವ್‌ನ ಗ್ರಿಡ್‌ನಲ್ಲಿ ಪ್ರವಾಹ ಹರಿದು ಧಾರಕ ಆವೇಶಗೊಳ್ಳುತ್ತದೆ. ಆ ಆವೇಶ ಇಳಿಯುವವರೆಗೆ ವಾಲ್ವ್ ಸರಿಯಾಗಿ ಕೆಲಸ ಮಾಡದು. RC ಕಾಲಸ್ಥಿರಾಂಕ ಮೊದಲು ಸುಮಾರು 5 ಮಿಲಿಸೆಕೆಂಡ್ ಇದ್ದದ್ದು ಈಗ 22 ಮಿಲಿಸೆಕೆಂಡ್ ಆಗುತ್ತದೆ. ಚೇತರಿಕೆ ತಡವಾಗಿ ಸ್ವರ ಕಟ್ಟಿದಂತಾಗುತ್ತದೆ.

ನಿಜವಾದ ತೊಡಕು ಮುಂದಿದೆ. ವಾಲ್ವ್‌ಗಳಿಗೂ ಸ್ಪೀಕರಿಗೂ ನಡುವೆ ಇರುವ ಟ್ರಾನ್ಸ್‌ಫಾರ್ಮರನ್ನು ಗಮನಿಸಿ. ಅದೇ ವೋಲ್ಟೇಜಿಗೆ ಆವೃತ್ತಿ ಅರ್ಧವಾದರೆ ಕಬ್ಬಿಣದ ತಿರುಳಿನಲ್ಲಿ ಕಾಂತೀಯ ಫ್ಲಕ್ಸ್ ಇಮ್ಮಡಿಯಾಗುತ್ತದೆ. ಗಿಟಾರಿಗೆಂದು ಮಾಡಿದ ಚಿಕ್ಕ ತಿರುಳು ಪೂರ್ಣ ಶಕ್ತಿಯಲ್ಲಿ ಸಂತೃಪ್ತವಾಗಬಹುದು. ಆಗ ಸ್ವರ ವಿಕೃತಗೊಳ್ಳುತ್ತದೆ, ವಾಲ್ವ್‌ಗಳಲ್ಲಿ ಪ್ರವಾಹ ಏರುತ್ತದೆ. ಸ್ಪೀಕರಿನ ಪಾಡೂ ಹೀಗೆಯೇ: ಅದೇ ಧ್ವನಿಮಟ್ಟಕ್ಕೆ ಅರ್ಧ ಆವೃತ್ತಿಯಲ್ಲಿ ಅದರ ಶಂಕು ನಾಲ್ಕು ಪಟ್ಟು ದೂರ ಚಲಿಸಬೇಕು. ದೊಡ್ಡ ಧಾರಕ ಇವೆರಡರ ಹೊರೆಯನ್ನೂ ಹೆಚ್ಚಿಸುತ್ತದೆ.

41.2 ಹರ್ಟ್ಸ್ ಸ್ವರದ ತರಂಗದೂರ ಗಾಳಿಯಲ್ಲಿ 8 ಮೀಟರಿಗೂ ಹೆಚ್ಚು. ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ಸ್ಪೀಕರಿನ ಮುಂದಿನ ಮತ್ತು ಹಿಂದಿನ ತರಂಗಗಳು ಸೇರಿ ಪರಸ್ಪರ ಅಳಿಸಿಕೊಳ್ಳುತ್ತವೆ. ಇತಿಹಾಸವೂ ಇದನ್ನೇ ಹೇಳುತ್ತದೆ. ಅಮೆರಿಕದ ಫೆಂಡರ್ ಸಂಸ್ಥೆ 1952ರಲ್ಲಿ ಬೇಸ್‌ಮನ್ ಎಂಬ ವರ್ಧಕವನ್ನು ಬೇಸ್ ಗಿಟಾರಿಗೆಂದೇ ತಂದಿತು. ಆ ದಶಕದ ಕೊನೆಯ ಮಾದರಿಯಲ್ಲಿ ತೆರೆದ ಪೆಟ್ಟಿಗೆ, 10 ಅಂಗುಲದ ನಾಲ್ಕು ಸ್ಪೀಕರುಗಳು ಇದ್ದವು. ಅದನ್ನು ಹೆಚ್ಚು ಮೆಚ್ಚಿದವರು ಗಿಟಾರ್ ವಾದಕರು! ಲಂಡನ್ನಿನ ಮಾರ್ಷಲ್ ವರ್ಧಕಗಳಲ್ಲಿ ಮೊದಲನೆಯದಾದ ಜೆಟಿಎಂ45 ಅದರ ಮಂಡಲವನ್ನೇ ಆಧರಿಸಿತ್ತು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಬೇಸ್ ವರ್ಧಕದ ಸಾಮರ್ಥ್ಯ 300 ವಾಟ್. ಅದರ ಪ್ರತಿ ಪೆಟ್ಟಿಗೆಯೂ ಮುಚ್ಚಿದ್ದು, ಎಂಟು ಸ್ಪೀಕರುಗಳನ್ನು ಹೊಂದಿತ್ತು.

ಹಾಗಾದರೆ ಧಾರಕ ಬದಲಿಸಿದ ಮೇಲೆ ಬೇಸ್ ಚೆನ್ನಾಗಿ ಕೇಳುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆಯೆ? ಇಲ್ಲ. ಮೆಲ್ಲಗೆ ನುಡಿಸಿದಾಗ ಟ್ರಾನ್ಸ್‌ಫಾರ್ಮರಿಗೆ ಕಷ್ಟವಿಲ್ಲ. ಅಲ್ಲದೆ ಮೂಲಸ್ವರ ಕ್ಷೀಣವಾಗಿದ್ದರೂ ಅದರ ಎರಡು, ಮೂರು ಪಟ್ಟು ಆವೃತ್ತಿಯ ಉಪರಿಸ್ವರಗಳಿಂದ ನಮ್ಮ ಮಿದುಳು ಮೂಲಸ್ವರದ ಸ್ಥಾಯಿಯನ್ನು ಗ್ರಹಿಸುತ್ತದೆ. ಮನೆಯ ಅಭ್ಯಾಸಕ್ಕೆ ಇಷ್ಟು ಸಾಕು. ವೇದಿಕೆಗೆ ಬೇಕಾದರೆ ಮೊದಲು ಸ್ಪೀಕರು ಮತ್ತು ಪೆಟ್ಟಿಗೆ, ಅನಂತರ ಟ್ರಾನ್ಸ್‌ಫಾರ್ಮರು, ಕೊನೆಗೆ ಧಾರಕ; ಸಲಹೆಯ ಕ್ರಮ ತಲೆಕೆಳಗಾಗಿದೆ.

ಒಂದು ಎಚ್ಚರಿಕೆ. ಈ ವರ್ಧಕಗಳೊಳಗೆ 400 ವೋಲ್ಟ್ ಮೀರಿದ ವೋಲ್ಟೇಜು ಇರಬಹುದು. ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಪೂರೈಕೆಯ ಧಾರಕಗಳಲ್ಲಿ ಪ್ರಾಣಾಪಾಯ ತರುವಷ್ಟು ಆವೇಶ ಉಳಿದಿರುತ್ತದೆ. ವಿದ್ಯಾರ್ಥಿಗಳು ಇದನ್ನು ಬಿಚ್ಚುವುದು ಬೇಡ. ಬದಲಿಗೆ 1 ಮೈಕ್ರೋಫ್ಯಾರಡ್ ಧಾರಕ, 4.7 ಕಿಲೋಓಮ್ ರೋಧಕ, ಕೆಲವೇ ವೋಲ್ಟ್‌ನ ಸಂಕೇತ ಜನಕ, ಆಸಿಲೋಸ್ಕೋಪ್ ಇಷ್ಟಿದ್ದರೆ 34 ಹರ್ಟ್ಸ್ ಆಸುಪಾಸಿನ ಕಡಿತವನ್ನು ತರಗತಿಯಲ್ಲೇ ತೋರಿಸಬಹುದು. ಸರಪಳಿಯ ಯಾವ ಕೊಂಡಿ ದುರ್ಬಲ ಎಂಬುದನ್ನು ಬೆಸುಗೆ ಕಡ್ಡಿ ಹಿಡಿಯುವ ಮೊದಲೇ ಪೆನ್ಸಿಲು ಹೇಳಬಲ್ಲದು.