ಕೆಂಪು ಕಾರ್ಡ್ ಯಾವುದಕ್ಕೆ: ಗಾಯಕ್ಕೋ, ಕಾಲು ಹಾಕಿದ ರೀತಿಗೋ?

2019ರ ನವೆಂಬರ್ 3ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಟಾಟನ್‌ಹ್ಯಾಮ್ ತಂಡದ ಸನ್ ಹ್ಯೂಂಗ್‌ಮಿನ್, ಎವರ್ಟನ್‌ನ ಆಂದ್ರೆ ಗೋಮ್ಸ್‌ಗೆ ಹಿಂದಿನಿಂದ ಕಾಲು ಅಡ್ಡ ಹಾಕಿದರು. ಅಂಥ ಟ್ಯಾಕಲ್‌ಗಳನ್ನು ಪ್ರತಿ ವಾರವೂ ನೋಡುತ್ತೇವೆ. ಆದರೆ ಮುಗ್ಗರಿಸಿದ ಗೋಮ್ಸ್ ಇನ್ನೊಬ್ಬ ಆಟಗಾರನಿಗೆ ಡಿಕ್ಕಿಯಾಗಿ ಬಿದ್ದರು. ಪಾದದ ಗಂಟು ಮುರಿಯಿತು. ಸುತ್ತಲಿದ್ದವರು ಮುಖ ಮುಚ್ಚಿಕೊಂಡರು, ಸನ್ ಅತ್ತುಬಿಟ್ಟರು. ಮೊದಲು ಹಳದಿ ಕಾರ್ಡ್ ತೆಗೆದಿದ್ದ ರೆಫರಿ ಮಾರ್ಟಿನ್ ಅಟ್ಕಿನ್ಸನ್ ಆಮೇಲೆ ಕೆಂಪು ಕಾರ್ಡ್ ತೋರಿಸಿದರು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಅದನ್ನು ರದ್ದು ಮಾಡಿತು.

ರದ್ದು ಮಾಡಿದ್ದೇ ಸರಿ. ಆ ಹೊತ್ತಿನಲ್ಲಿ ಯಾರ ಮನಸ್ಸಾದರೂ ಕೆಂಪಿನ ಕಡೆಗೇ ವಾಲುತ್ತಿತ್ತು, ನಿಜ. ಆದರೆ ಫುಟ್‌ಬಾಲ್‌ನ 12ನೇ ನಿಯಮ ಗಾಯವನ್ನು ಅಳೆಯುವುದಿಲ್ಲ. ಅಜಾಗರೂಕತೆಯಿಂದ ಮಾಡಿದ ಫೌಲ್‌ಗೆ ಫ್ರೀಕಿಕ್ ಸಾಕು. ಎದುರಾಳಿಗೆ ಏನಾದೀತೆಂಬ ಪರಿವೆಯೇ ಇಲ್ಲದೆ ನುಗ್ಗಿದರೆ ಹಳದಿ. ಮಿತಿಮೀರಿದ ಬಲ ಹಾಕಿದರೆ, ಎದುರಾಳಿಯ ಮೈಗೆ ಅಪಾಯ ತಂದರೆ ಕೆಂಪು. ಮೂಳೆ ಮುರಿದಿರಬೇಕೆಂಬ ಷರತ್ತು ಎಲ್ಲೂ ಇಲ್ಲ. ಈ ನಿಯಮದ ಬಗ್ಗೆ ನನಗಿರುವ ಗೌರವಕ್ಕೆ ಇದೇ ಕಾರಣ.

ಇದರ ತದ್ವಿರುದ್ಧದ ಪ್ರಸಂಗ ನಡೆದದ್ದು 2010ರ ವಿಶ್ವಕಪ್ ಫೈನಲ್‌ನಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ಮೊದಲ ಅರ್ಧ ತಾಸಿನೊಳಗೇ ನೆದರ್ಲೆಂಡ್ಸ್‌ನ ನೈಜೆಲ್ ಡಿ ಯಾಂಗ್ ಎತ್ತಿದ ಕಾಲು ಸ್ಪೇನ್‌ನ ಶಾಬಿ ಅಲೋನ್ಸೊ ಎದೆಗೆ ನಾಟಿತು, ಬೂಟಿನ ಸ್ಟಡ್‌ಗಳ ಸಮೇತ. ರೆಫರಿ ಹೊವಾರ್ಡ್ ವೆಬ್ ಕೊಟ್ಟದ್ದು ಹಳದಿ. ತಮಗೆ ಸರಿಯಾಗಿ ಕಾಣಿಸಿರಲಿಲ್ಲ, ಅದು ಕೆಂಪೇ ಆಗಬೇಕಿತ್ತು ಎಂದು ವೆಬ್ ಮುಂದೆ ಒಪ್ಪಿಕೊಂಡರು. ಅಲೋನ್ಸೊ ಎದ್ದು ಆಡಿದರು ಎಂಬುದರಿಂದ ಆ ಒದೆತದ ತೂಕ ಕಡಿಮೆಯಾಗುವುದಿಲ್ಲ. ಫೈನಲ್ ಪಂದ್ಯ, ಇಷ್ಟು ಬೇಗ ಹತ್ತೇ ಜನರ ತಂಡ ಮಾಡಿದರೆ ಆಟ ಕೆಡುತ್ತದೆ ಎಂದು ವಾದಿಸುವವರಿದ್ದಾರೆ. ಆಟ ಕೆಡಿಸಿದ್ದು ಒದ್ದವನು, ಕಾರ್ಡ್ ತೋರಿಸುವವನಲ್ಲ.

ಹಾಗಾದರೆ ರೆಫರಿ ನೋಡಬೇಕಾದದ್ದೇನು? ಮಂಡಿ ಬಾಗಿದೆಯೋ, ಕೋಲಿನಂತೆ ಸೆಟೆದಿದೆಯೋ. ಬೂಟಿನ ತಳ ಎದುರಾಳಿಯ ಕಡೆಗಿದೆಯೋ, ನೆಲದ ಕಡೆಗೋ. ಎರಡೂ ಕಾಲು ನೆಲ ಬಿಟ್ಟಿವೆಯೋ. ನೆಲ ಬಿಟ್ಟವನಿಗೆ ಕೊನೇ ಗಳಿಗೆಯಲ್ಲಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಾಗದು. ಅವನ ಮೈಭಾರವೆಲ್ಲ ಎದುರಿನವನ ಕಣಕಾಲಿನ ಮೇಲೆ ಬೀಳುತ್ತದೆ. ‘ಚೆಂಡು ಮೊದಲು ಸಿಕ್ಕಿತಲ್ಲ’ ಎಂಬ ಸಮಜಾಯಿಷಿ ಇಲ್ಲಿ ನಡೆಯಬಾರದು. ಚೆಂಡಿಗೆ ತಾಗಿದ ಕಾಲು ಅದೇ ವೇಗದಲ್ಲಿ ಮುಂದೆ ಹೋಗಿ ಮೊಣಕಾಲಿಗೂ ತಾಗುತ್ತದೆ.

ವಿಡಿಯೊ ರೆಫರಿ ಬಂದ ಮೇಲೆ ಇನ್ನೊಂದು ತೊಡಕು. ನಿಧಾನಗತಿಯಲ್ಲಿ ತೋರಿಸಿದರೆ ಸಾಧಾರಣ ತಾಕಲಾಟವೂ ಬೇಕೆಂದೇ ತುಳಿದಂತೆ ಕಾಣುತ್ತದೆ. ಎಲ್ಲಿ ತಾಗಿತು ಎಂದು ತಿಳಿಯಲು ನಿಧಾನಗತಿ, ಎಷ್ಟು ಜೋರಾಗಿ ಎಂದು ತಿಳಿಯಲು ನಿಜವೇಗ ಎಂದು ವಿಡಿಯೊ ರೆಫರಿಗಳ ನಿಯಮಾವಳಿಯೇ ಹೇಳುತ್ತದೆ. ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿ ರೇಗುವ ನಾವು ಇದನ್ನು ನೆನಪಿಡಬೇಕು. ಆದರೂ ವಿಡಿಯೊ ಬೇಡವೆನ್ನಲಾರೆ. 1982ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನ್ ಗೋಲ್‌ಕೀಪರ್ ಹೆರಾಲ್ಡ್ ಶುಮಾಕರ್ ಹಾರಿ ಬಂದು ಅಪ್ಪಳಿಸಿದ ರಭಸಕ್ಕೆ ಫ್ರಾನ್ಸ್‌ನ ಪ್ಯಾಟ್ರಿಕ್ ಬ್ಯಾಟಿಸ್ಟನ್ ಹಲ್ಲುದುರಿ ಪ್ರಜ್ಞೆ ತಪ್ಪಿ ಬಿದ್ದರು. ರೆಫರಿ ಫೌಲ್ ಕೂಡ ಕೊಡಲಿಲ್ಲ, ಗೋಲ್‌ಕಿಕ್ ಕೊಟ್ಟರು.

ನನ್ನ ತಕರಾರಿರುವುದು ಖಚಿತವಾದ ಗೋಲಿನ ಅವಕಾಶ ತಪ್ಪಿಸಿದ್ದಕ್ಕೆ ಕೊಡುವ ಕೆಂಪಿನ ಬಗ್ಗೆ. ಪೆನಾಲ್ಟಿ ಆವರಣದಲ್ಲಿ ಚೆಂಡಿಗಾಗಿ ಪ್ರಾಮಾಣಿಕವಾಗಿ ಯತ್ನಿಸಿ ಫೌಲ್ ಮಾಡಿದವನಿಗೆ ಪೆನಾಲ್ಟಿಯ ಜೊತೆ ಹಳದಿ ಸಾಕು ಎಂದು 2016ರಲ್ಲಿ ನಿಯಮ ಸಡಿಲಿಸಿದ್ದು ಒಳ್ಳೆಯದೇ. ಆದರೆ 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್ ನೋಡಿ. ಹೆಚ್ಚುವರಿ ಸಮಯದ ಕಟ್ಟಕಡೆಯ ಕ್ಷಣ; ಗೋಲಿಗೆ ನುಗ್ಗುತ್ತಿದ್ದ ಘಾನಾದ ಚೆಂಡನ್ನು ಉರುಗ್ವೆಯ ಲೂಯಿಸ್ ಸುವಾರೆಜ್ ಗೆರೆಯ ಮೇಲೆ ಕೈಯಲ್ಲಿ ತಡೆದರು. ಕೆಂಪು ಕಾರ್ಡ್ ಬಂತು. ಅಸಮೋವಾ ಗ್ಯಾನ್ ಒದ್ದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿಯಿತು, ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. ಆಟವೇ ಮುಗಿದಿರುವಾಗ ಒಬ್ಬನನ್ನು ಹೊರಗೆ ಕಳಿಸಿದರೆ ಘಾನಾಕ್ಕೆ ಸಿಕ್ಕಿದ್ದೇನು? ರಗ್ಬಿಯಲ್ಲಿ ಇಂಥ ಕಡೆ ರೆಫರಿಯೇ ಅಂಕ ಕೊಡುವ ಪೆನಾಲ್ಟಿ ಟ್ರೈ ಇದೆ. ಫುಟ್‌ಬಾಲ್ ಕೂಡ ಗೆರೆಯ ಮೇಲೆ ಕದ್ದ ಗೋಲನ್ನು ಗೋಲೆಂದೇ ಕೊಟ್ಟು, ತಪ್ಪಿತಸ್ಥನಿಗೆ ಹಳದಿ ತೋರಿಸಲಿ. ಕೆಂಪನ್ನು ಇನ್ನೊಬ್ಬರ ಮೈ ಮುರಿಯುವಂತೆ ನುಗ್ಗುವವರಿಗೆ ಮೀಸಲಿಡಲಿ.