ರಾಯಚೂರು ಸೀಮೆಯ ನಕ್ಷೆ-ದಾಖಲೆ: ಬಹುಬಳಕೆಯ ದತ್ತಸಂಚಯವೊಂದರ ನಿರ್ವಹಣೆಯನ್ನು ಕುರಿತ ವಿಮರ್ಶೆ

ಗದ್ವಾಲವು ಕೃಷ್ಣಾ-ತುಂಗಭದ್ರೆಗಳ ನಡುವಣ ನೆಲದಲ್ಲಿ, ರಾಯಚೂರಿನ ಪೂರ್ವಕ್ಕೆ ಇರುವ ಪಟ್ಟಣ. 1956ರ ಅಕ್ಟೋಬರ್ ಕೊನೆಯವರೆಗೆ ಅದು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ ತಾಲೂಕಾಗಿತ್ತು. ನವೆಂಬರ್ 1ರಂದು, ಆಲಂಪುರದೊಡನೆ, ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋಯಿತು. 2014ರಲ್ಲಿ ಅದರ ರಾಜ್ಯ ತೆಲಂಗಾಣವಾಯಿತು. 2016ರಲ್ಲಿ ಅದೇ ಒಂದು ಜಿಲ್ಲೆಯ ಮುಖ್ಯಸ್ಥಳವಾಯಿತು. ನೆಲ ಅಂಗುಲವೂ ಕದಲಲಿಲ್ಲ. ಅದರ ಮೇಲಣ ಹೆಸರು ಮಾತ್ರ ಅರುವತ್ತು ವರ್ಷಗಳಲ್ಲಿ ಮೂರು ಸಲ ಬದಲಾಯಿತು. ರಾಯಚೂರು ಜಿಲ್ಲೆಯೂ ಹಾಗೆಯೇ: 1997ರಲ್ಲಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳು ಅದರಿಂದ ಬೇರೆಯಾದುವು. ಹೀಗಿರಲಾಗಿ 1951ರ ಜನಗಣತಿಯ ರಾಯಚೂರು ಜಿಲ್ಲೆಯನ್ನೂ, 19,28,812 ಜನರನ್ನು ತೋರಿಸುವ 2011ರ ರಾಯಚೂರು ಜಿಲ್ಲೆಯನ್ನೂ ಗಣಕಯಂತ್ರದ ನಕ್ಷೆಯಲ್ಲಿ ಒಂದೇ ಗೆರೆಯೊಳಗಿಟ್ಟು ಹೋಲಿಸುವ ವಿದ್ಯಾರ್ಥಿಯು, ತಾನು ಹೋಲಿಸುತ್ತಿರುವುದು ಎರಡು ಬೇರೆ ಬೇರೆ ದೇಶಭಾಗಗಳನ್ನು ಎಂಬುದನ್ನೇ ಅರಿಯದೆ ಹೋಗಬಹುದು. ನಕ್ಷೆ ಅವನಿಗೆ ಅದನ್ನು ಹೇಳುವುದಿಲ್ಲ. ಗೆರೆಗೆ ತೇದಿಯಿಲ್ಲ.

ಭೌಗೋಳಿಕ ಮಾಹಿತಿಯ ದತ್ತಸಂಚಯವನ್ನು ಹಲವು ಕಚೇರಿಗಳು ಒಂದೇ ಕಾಲದಲ್ಲಿ ಬಳಸುವಾಗ, ತಿದ್ದುವಾಗ, ಆಗಾಗ ಮೇಲ್ದರ್ಜೆಗೇರಿಸುವಾಗ, ಹಿಂದಿನ ಸ್ಥಿತಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಇದು ಯಂತ್ರಶಾಸ್ತ್ರಜ್ಞರ ವಿಷಯವೆಂದು ಇತಿಹಾಸದ ಅಧ್ಯಾಪಕರು ಇದುವರೆಗೆ ದೂರವೇ ಉಳಿದಿದ್ದಾರೆ. ಆದರೆ ಮುಂದಿನ ತಲೆಮಾರಿನ ಪತ್ರಾಗಾರವು ಇದೇ ಆಗಲಿರುವುದರಿಂದ ಆ ಔದಾಸೀನ್ಯ ನಮಗೆ ಸಲ್ಲದು.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ಶಾಸನಗಳ ಎಡೆದೊರೆ ನಾಡು ಇದೇ ನೆಲ. ಅಂದಿನ ದತ್ತಿಶಾಸನಗಳು ಭೂಮಿಯ ಎಲ್ಲೆಯನ್ನು ಹಳ್ಳ, ಗುಡ್ಡ, ನಟ್ಟ ಕಲ್ಲುಗಳಿಂದ ಹೇಳಿ, ಕೊಟ್ಟ ಕಾಲವನ್ನೂ ಶಕವರ್ಷ, ತಿಥಿ, ವಾರಗಳ ಸಹಿತ ಹೇಳುತ್ತವೆ. ಎಲ್ಲೆ ಮತ್ತು ಕಾಲ ಇವೆರಡನ್ನು ಬೇರ್ಪಡಿಸಬಾರದೆಂಬ ತಿಳಿವು ಕಲ್ಲಿನಲ್ಲಿ ಬರೆಯುವವರಿಗೆ ಇತ್ತು. ನಿಜಾಮರ ಆಳ್ವಿಕೆಯಲ್ಲಿ, ಸಾಲಾರ್ ಜಂಗರ ಸುಧಾರಣೆಗಳ ತರುವಾಯ, ಅಳತೆ ಮಾಡಿ ನಂಬರು ಕೊಡುವ ಕ್ರಮ ಬಂದಿತು. ಊರಿನಲ್ಲಿ ಪಟವಾರಿ, ಮೇಲೆ ತಹಸೀಲು ಕಚೇರಿ. 1884ರವರೆಗೆ ಪಾರಸಿ, ಅನಂತರ ಉರ್ದು ದಫ್ತರದ ಭಾಷೆ. ಆ ವಹಿಗಳಲ್ಲಿ ಲೋಪಗಳು ಬಹಳವಿದ್ದುವು. ಪಟವಾರಿಯ ಕೈವಾಡವನ್ನು ಕುರಿತ ದೂರುಗಳನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಆದರೂ ಕಾಗದಕ್ಕೆ ಒಂದು ಗುಣವಿತ್ತು: ತಿದ್ದಿದ ನಮೂದು ಅಳಿಯುತ್ತಿರಲಿಲ್ಲ. ಹಳೆಯ ಹೆಸರಿನ ಮೇಲೆ ಗೆರೆ ಎಳೆದು, ಹೊಸದನ್ನು ಪಕ್ಕದಲ್ಲಿ ಬರೆದು, ಆಜ್ಞೆಯ ನಂಬರು, ತೇದಿ, ರುಜು ಹಾಕುವುದು ನಿಯಮವಾಗಿತ್ತು. ಗೆರೆಯ ಕೆಳಗಿನ ಹೆಸರನ್ನು ಇಂದಿಗೂ ಓದಬಹುದು.

ಕರ್ನಾಟಕದ ‘ಭೂಮಿ’ ಯೋಜನೆಯು ಈ ವಹಿಗಳನ್ನು ಗಣಕಯಂತ್ರಕ್ಕೆ ತಂದಿತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕೆಲವೇ ವರ್ಷಗಳಲ್ಲಿ ತುಂಬಿ, 2002ರ ವೇಳೆಗೆ ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುದು ಸಾಮಾನ್ಯ ಸಾಧನೆಯಲ್ಲ. ನಮೂದು ತಿದ್ದುವ ಅಧಿಕಾರಿಯ ಬೆರಳಚ್ಚನ್ನು ಯಂತ್ರವೇ ಪರೀಕ್ಷಿಸುವ ಏರ್ಪಾಡು ಆ ಕಾಲಕ್ಕೆ ದೊಡ್ಡ ಹೆಜ್ಜೆ. ದೇವದುರ್ಗದ ಅಥವಾ ಮಾನ್ವಿಯ ರೈತನು ಪಹಣಿಗಾಗಿ ಗ್ರಾಮಲೆಕ್ಕಿಗರ ಬೆನ್ನುಹತ್ತಿ ತಿರುಗುವುದು ತಪ್ಪಿತು. ಇದನ್ನು ಒಪ್ಪಿಕೊಂಡೇ ನಾವು ಮುಂದಿನ ಮಾತನ್ನು ಹೇಳುತ್ತೇವೆ. ‘ಭೂಮಿ’ಗೆ ಬಂದುದು ಅಕ್ಷರ ಮಾತ್ರ, ನಕ್ಷೆ ಅಲ್ಲ. ಗ್ರಾಮನಕ್ಷೆ, ಟಿಪ್ಪಣಿ, ಆಕಾರಬಂದುಗಳು ಭೂಮಾಪನ ಇಲಾಖೆಯ ಕಪಾಟುಗಳಲ್ಲಿಯೇ ಉಳಿದುವು. ಅವುಗಳ ಸರದಿ ಬಹಳ ತಡವಾಗಿ ಬಂದಿತು: ಅಳತೆಯ ಅರ್ಜಿಗಳಿಗೆ ‘ಮೋಜಿಣಿ’ ಬಂದಿತು, ಗ್ರಾಮನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ ತೋರಿಸುವ ‘ದಿಶಾಂಕ್’ ಬಂದಿತು. ಇವುಗಳೊಡನೆ ನೋಂದಣಿ ಇಲಾಖೆಯ ‘ಕಾವೇರಿ’, ಕೃಷಿ ಇಲಾಖೆಯ ಬೆಳೆ ಸಮೀಕ್ಷೆ, ನೀರಾವರಿಯವರ ಕಾಲುವೆ ನಕ್ಷೆ ಎಲ್ಲವೂ ಒಂದೇ ಸರ್ವೆ ನಂಬರಿನ ಕೊಂಡಿಗೆ ಬಂದು ಸೇರುತ್ತವೆ. ಹೀಗೆ ಒಂದು ಹೊಲಕ್ಕೆ ಅನೇಕ ಲೇಖಕರು.

ಅಕ್ಷರಕ್ಕೂ ನಕ್ಷೆಗೂ ಇರುವ ಅಂತರವನ್ನು ನಮ್ಮ ಸೀಮೆಯ ರೈತರು ‘ಪೈಕಿ’ ಎಂಬ ಒಂದೇ ಮಾತಿನಲ್ಲಿ ಬಲ್ಲರು. ದೊಡ್ಡದೊಂದು ಸರ್ಕಾರಿ ಸರ್ವೆ ನಂಬರಿನಲ್ಲಿ ಹತ್ತು ಜನರಿಗೆ ಎರಡೆರಡು ಎಕರೆ ಮಂಜೂರಾಗಿದ್ದು ಪೋಡಿ ಆಗದಿದ್ದರೆ, ಪಹಣಿಗಳು ಹತ್ತು. ನಕ್ಷೆಯಲ್ಲಿ ತುಂಡು ಒಂದೇ. ಯಾರ ಎರಡು ಎಕರೆ ಎಲ್ಲಿದೆ ಎಂಬುದು ಬದುವಿನ ಮೇಲಣ ರೂಢಿಯಿಂದ ಮಾತ್ರ ತಿಳಿಯುತ್ತದೆ. ಇಂತಹ ಕಡೆ ದತ್ತಸಂಚಯವನ್ನು ಎಷ್ಟು ಸಲ ಮೇಲ್ದರ್ಜೆಗೇರಿಸಿದರೂ ಯಂತ್ರವು ಚೊಕ್ಕಟಗೊಳಿಸುವುದು ಅಜ್ಞಾನವನ್ನೇ. ಸರಪಳಿ ಹಿಡಿದು ಹೊಲಕ್ಕೆ ಇಳಿಯುವ ಮೋಜಣಿದಾರನ ಬದಲಿಗೆ ಬೇರೊಂದಿಲ್ಲ.

ಇನ್ನು ನಮ್ಮ ಮುಖ್ಯ ಆಕ್ಷೇಪ. ಕಾಗದದ ವಹಿ ಒಬ್ಬ ಗುಮಾಸ್ತನ ಕೈಯಲ್ಲಿದ್ದಾಗ ಮತ್ತೊಬ್ಬನು ಕಾದು ನಿಲ್ಲಬೇಕಾಗಿತ್ತು. ಬಹುಬಳಕೆಯ ದತ್ತಸಂಚಯದಲ್ಲಿ ಯಾರೂ ಕಾಯಬೇಕಾಗಿಲ್ಲ. ಪ್ರತಿಯೊಬ್ಬ ಸಂಪಾದಕನಿಗೂ ತನ್ನದೇ ಒಂದು ಆವೃತ್ತಿ ದೊರೆಯುತ್ತದೆ, ಅದರಲ್ಲಿ ತಿದ್ದಿ ಕೊನೆಗೆ ಮೂಲದೊಡನೆ ಹೊಂದಿಸುತ್ತಾನೆ. ಒಂದೇ ಬದುವನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ್ದರೆ ವಿರೋಧ ಉಂಟಾಗುತ್ತದೆ. ಆಗ ಮೂಲದ್ದು ಗೆಲ್ಲಬೇಕೋ ತಿದ್ದಿದವನದು ಗೆಲ್ಲಬೇಕೋ ಎಂಬುದನ್ನು ವ್ಯವಸ್ಥೆಯಲ್ಲಿ ಮೊದಲೇ ಒಂದು ನಿಯಮವಾಗಿ ಇಟ್ಟುಬಿಡಬಹುದು. ಪ್ರತಿಯೊಂದನ್ನೂ ಮನುಷ್ಯನೇ ನೋಡಿ ತೀರ್ಮಾನಿಸುವಂತೆಯೂ ಮಾಡಬಹುದು. ಕೆಲಸ ಬೇಗನೆ ಸಾಗಬೇಕೆಂಬ ಆತುರದಲ್ಲಿ ಮೊದಲನೆಯದನ್ನು ಆರಿಸುವ ಪ್ರಲೋಭನೆ ಸಹಜವಾದುದು. ಆದರೆ ಎರಡು ಎಲ್ಲೆಗಳಲ್ಲಿ ಒಂದನ್ನು ಆರಿಸುವುದೆಂದರೆ ನ್ಯಾಯನಿರ್ಣಯ. ಅದನ್ನು ಹಿಂದೆ ತಹಸೀಲ್ದಾರನು ರುಜು ಹಾಕಿ ಮಾಡುತ್ತಿದ್ದನು; ಅದರ ಮೇಲೆ ಅಪೀಲು ಇತ್ತು. ಸಾಫ್ಟ್‌ವೇರಿನ ಒಂದು ಆಯ್ಕೆಯ ಮೇಲೆ ಯಾರು ಅಪೀಲು ಹೋಗಬೇಕು?

ಆವೃತ್ತಿಗಳು ಬೆಳೆದಂತೆ ದತ್ತಸಂಚಯ ಭಾರವಾಗಿ ನಿಧಾನವಾಗುತ್ತದೆ. ಆಗ ನಿರ್ವಾಹಕನು ಯಾವ ಆವೃತ್ತಿಗೂ ಬೇಡವಾದ ನಡುವಣ ಸ್ಥಿತಿಗಳನ್ನು ತೆಗೆದು ಅದನ್ನು ಹಗುರಗೊಳಿಸುತ್ತಾನೆ. ನಿರ್ವಹಣೆಯ ದೃಷ್ಟಿಯಿಂದ ಇದು ಕಸ ಗುಡಿಸಿದಂತೆ. ಚರಿತ್ರಕಾರನ ದೃಷ್ಟಿಯಿಂದ, ಕಾಗದದಲ್ಲಿ ಉಳಿಯುತ್ತಿದ್ದ ಗೆರೆಯ ಕೆಳಗಿನ ಹೆಸರು ಇಲ್ಲಿ ಹೋಗುತ್ತದೆ. ಹಳೆಯ ಸ್ಥಿತಿಗಳನ್ನು ತೇದಿಸಹಿತ ಬೇರೆಡೆ ಕೂಡಿಡುವ ಸೌಲಭ್ಯ ಇಂದಿನ ಎಲ್ಲ ಪ್ರಮುಖ ವ್ಯವಸ್ಥೆಗಳಲ್ಲಿಯೂ ಸಾಧ್ಯ. ಆದರೆ ಅದನ್ನು ಬೇಕೆಂದು ಹೇಳಿ ಆರಂಭಿಸಬೇಕು, ತಾನಾಗಿ ಆಗುವುದಿಲ್ಲ. ‘ಭೂಮಿ’ಯಲ್ಲಿ ಹಕ್ಕು ಬದಲಾವಣೆಯ ನಮೂದುಗಳು ಉಳಿಯುತ್ತವೆ ಎಂಬುದು ನಿಜ. ಎಲ್ಲೆಯ ಬದಲಾವಣೆಗೂ ಅಷ್ಟೇ ಗೌರವ ದೊರೆಯಬೇಕೆಂಬುದು ನಮ್ಮ ವಾದ.

ಮೇಲ್ದರ್ಜೆಗೇರಿಸುವ ದಿನ ಇನ್ನೂ ಕಠಿನವಾದುದು. ಎಲ್ಲ ಬಳಕೆದಾರರನ್ನು ಹೊರಗೆ ಕಳುಹಿಸಿ, ಪೂರ್ಣ ಪ್ರತಿಯೊಂದನ್ನು ತೆಗೆದಿಟ್ಟು, ದತ್ತಸಂಚಯದ ಒಳರಚನೆಯನ್ನೇ ಹೊಸ ಮಾದರಿಗೆ ಬದಲಿಸುತ್ತಾರೆ. ವ್ಯಾಪಕ ಬಳಕೆಯಲ್ಲಿರುವ ವ್ಯವಸ್ಥೆಗಳಲ್ಲಿ ಒಮ್ಮೆ ಬದಲಿಸಿದ ಮೇಲೆ ಹಿಂದಕ್ಕೆ ತರುವ ಮಾರ್ಗವಿಲ್ಲ. ತೆಗೆದಿಟ್ಟ ಪ್ರತಿಯೊಂದೇ ಗತಿ. ಆ ಪ್ರತಿಯನ್ನಾದರೂ ಹಳೆಯ ಸಾಫ್ಟ್‌ವೇರು ಇರುವವರೆಗೆ ಮಾತ್ರ ತೆರೆಯಬಹುದು. ಆದುದರಿಂದ ಪ್ರತಿ ಮೇಲ್ದರ್ಜೆಗೆ ಮುನ್ನ, ಯಾವ ಒಂದು ಸಂಸ್ಥೆಯ ಸಾಫ್ಟ್‌ವೇರಿಗೂ ಕಟ್ಟುಬೀಳದ ಮುಕ್ತ ರೂಪದಲ್ಲಿ ಇನ್ನೊಂದು ಪ್ರತಿಯನ್ನು ಮಾಡಿ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಮೇಲ್ದರ್ಜೆಯು ಅಳತೆಯ ಬುಡವನ್ನೇ ಬದಲಿಸುವುದೂ ಉಂಟು. ಭಾರತೀಯ ಸರ್ವೇಕ್ಷಣೆಯ ಹಳೆಯ ನಕ್ಷೆಗಳು ಎವರೆಸ್ಟನ ಹೆಸರಿನ ಭೂಗೋಲಮಾನವನ್ನು ಆಧರಿಸಿದ್ದುವು. 2005ರ ನಕ್ಷಾನೀತಿಯ ಮೇಲೆ ಸಾರ್ವಜನಿಕ ನಕ್ಷೆಗಳು ಜಾಗತಿಕ ಮಾನಕ್ಕೆ ಬಂದುವು. ಎರಡರ ನಡುವಣ ವ್ಯತ್ಯಾಸವು ಒಂದು ಹೊಲದ ಅಗಲವನ್ನೇ ದಾಟಬಲ್ಲುದು. ಯಾವ ಪದರ ಯಾವ ಮಾನದ್ದೆಂದು ಬರೆದಿಡದೆ ಒಂದರ ಮೇಲೊಂದನ್ನು ಹೊದಿಸಿದರೆ ಕಾಲುವೆಯು ಹರಿಯದ ಹೊಲದಲ್ಲಿ ಹರಿಯುತ್ತದೆ.

ಕಾಲುವೆಯ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಮಾನ್ವಿ, ಸಿಂಧನೂರು, ರಾಯಚೂರುಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ, ಲಿಂಗಸುಗೂರುಗಳಿಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದು, ಒಣಭೂಮಿಯ ಕಾಲದಲ್ಲಿ ಎಳೆದ ಗೆರೆಗಳನ್ನು ಅಡ್ಡಡ್ಡ ಸೀಳಿದುವು. ಎಷ್ಟೋ ಸರ್ವೆ ನಂಬರುಗಳು ಎರಡು ದಡಗಳಿಗೆ ಹಂಚಿಹೋದುವು. ನೀರಿನ ಬೆನ್ನಲ್ಲಿಯೇ ಆಂಧ್ರದ ಒಕ್ಕಲುಗಳು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಹಳೆಯ ಗ್ರಾಮನಕ್ಷೆಗಳಲ್ಲಿ ಅವು ಇಲ್ಲ. ಈಚೆಗೆ ಕ್ಯಾಂಪು, ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕ್ರಮದಿಂದ ಒಂದೊಂದಾಗಿ ನಕ್ಷೆಗೆ ಬರುತ್ತಿವೆ. ಕ್ಯಾಂಪಿನ ಗೆರೆಯನ್ನು ತೇದಿಯಿಲ್ಲದೆ ಸೇರಿಸಿದರೆ ಅದು ಅನಾದಿಯಿಂದಲೂ ಅಲ್ಲಿದ್ದಂತೆ ತೋರುತ್ತದೆ. ತಾಯಿ ಗ್ರಾಮದ ಹಳೆಯ ಗೆರೆಯನ್ನು ಅಳಿಸಿದರೆ ಅದು ಯಾರ ಗಾಯರಾಣದಲ್ಲಿ ಹುಟ್ಟಿತೆಂಬುದು ಮರೆಯಾಗುತ್ತದೆ. ಮಾನ್ವಿಯಿಂದ ಸಿರವಾರ ತಾಲೂಕು ಒಡೆದು ಬಂದುದಕ್ಕೂ, ಅಶೋಕನ ಹೆಸರನ್ನು ಜಗತ್ತಿಗೆ ತಿಳಿಸಿದ ಶಾಸನ 1915ರಲ್ಲಿ ದೊರೆತ ಮಸ್ಕಿಯು ಲಿಂಗಸುಗೂರಿನಿಂದ ಬೇರೆಯಾಗಿ ತಾಲೂಕಾದುದಕ್ಕೂ ಇದೇ ಮಾತು ಸಲ್ಲುತ್ತದೆ. 2011ರ ಜನಗಣತಿಗೆ ಇವೆರಡು ತಾಲೂಕುಗಳು ಗೊತ್ತೇ ಇಲ್ಲ. ಹೆಸರುಗಳ ಬರವಣಿಗೆಯಂತೂ ಒಂದು ಇಲಾಖೆಯಲ್ಲಿ ‘ಮಾನ್ವಿ’, ಇನ್ನೊಂದರಲ್ಲಿ ‘ಮಾನವಿ’; ಯಂತ್ರಕ್ಕೆ ಇವು ಎರಡು ಊರುಗಳು.

ರೈತನಿಗೆ ಬೇಕಾದುದು ಇಂದಿನ ಪಹಣಿ, ಇತಿಹಾಸವಲ್ಲ ಎಂಬ ಆಕ್ಷೇಪ ಬರಬಹುದು. ಇದು ಮೇಲ್ನೋಟಕ್ಕೆ ಸರಿಯೆನಿಸಿದರೂ ಕಾನೂನೇ ಇದನ್ನು ಒಪ್ಪುವುದಿಲ್ಲ. ಭೂಸುಧಾರಣೆಯ ಶಾಸನದಲ್ಲಿ ಗೇಣಿದಾರನ ಹಕ್ಕು ನಿಂತಿರುವುದು 1974ರ ಮಾರ್ಚ್ 1ರಂದು ಯಾರು ಉಳುತ್ತಿದ್ದರು ಎಂಬುದರ ಮೇಲೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಶಾಸನವು, ಜಮೀನು ಯಾವಾಗ ಯಾರಿಗೆ ಮಂಜೂರಾಯಿತು ಎಂಬುದನ್ನು ಕೇಳುತ್ತದೆ; 2023ರ ತಿದ್ದುಪಡಿಯು ಆ ಪ್ರಶ್ನೆಯನ್ನು ಎತ್ತಲು ಇದ್ದ ಕಾಲದ ಅಡ್ಡಿಯನ್ನೂ ತೆಗೆಯಿತು. ‘ಪೈಕಿ’ ಜಮೀನಿನ ಬಡ ಮಂಜೂರುದಾರನಿಗೆ ಐವತ್ತು ವರ್ಷಗಳ ಹಿಂದಿನ ಗೆರೆಯೇ ಇಂದಿನ ಅನ್ನ. ಅದನ್ನು ಕಳೆಯುವ ದತ್ತಸಂಚಯದಿಂದ ಲಾಭವಾಗುವುದು ಯಾರಿಗೆಂದು ವಾಚಕರೇ ಊಹಿಸಬಹುದು.

ತೇದಿಸಹಿತ ಗೆರೆಗಳ ನಕ್ಷೆ ಅಸಾಧ್ಯವೇನಲ್ಲ. 2001ರಲ್ಲಿ ಹಾರ್ವರ್ಡ್ ಮತ್ತು ಫುದಾನ್ ವಿಶ್ವವಿದ್ಯಾಲಯಗಳು ಕೂಡಿ ಆರಂಭಿಸಿದ ಚೀನಾದ ಐತಿಹಾಸಿಕ ಭೌಗೋಳಿಕ ಮಾಹಿತಿ ವ್ಯವಸ್ಥೆಯಲ್ಲಿ ಕ್ರಿ.ಪೂ. 221ರಿಂದ 1911ರವರೆಗಿನ ಆಡಳಿತ ಘಟಕಗಳಿಗೆ ಆರಂಭದ ವರ್ಷ, ಅಂತ್ಯದ ವರ್ಷ ಎಂಬ ಎರಡು ಅಂಕಣಗಳಿವೆ. ಹೆಸರು ಬದಲಾದರೆ ಹಳೆಯ ದಾಖಲೆ ಮುಗಿದು ಹೊಸದು ಹುಟ್ಟುತ್ತದೆ, ಯಾವುದೂ ಅಳಿಯುವುದಿಲ್ಲ. ಎರಡು ಸಹಸ್ರ ವರ್ಷಗಳಿಗೆ ಆದುದು ರಾಯಚೂರಿನ ನೂರೈವತ್ತು ವರ್ಷಗಳಿಗೆ ಆಗದೇಕೆ?

2024ರಲ್ಲಿ ಕಂದಾಯ ಇಲಾಖೆಯು ತಾಲೂಕು ಕಚೇರಿಗಳ ಹಳೆಯ ಕಡತಗಳ ಚಿತ್ರ ತೆಗೆದು ಉಳಿಸುವ ‘ಭೂ ಸುರಕ್ಷಾ’ ಯೋಜನೆಯನ್ನು ಆರಂಭಿಸಿದುದು ಸ್ವಾಗತಾರ್ಹ. ಗೆದ್ದಲಿಗಿಂತ ಮುಂಚೆ ಯಂತ್ರ ತಲುಪಿದರೆ ಅಷ್ಟರಮಟ್ಟಿಗೆ ಗೆಲುವೇ. ಆದರೆ ಚಿತ್ರವು ಓದಿದ ಪುಟವಲ್ಲ. ಹೈದರಾಬಾದು ಕಾಲದ ಪುಟಗಳನ್ನು ಓದಲು ಉರ್ದು ಬೇಕು, ಅದರಲ್ಲಿಯೂ ದಫ್ತರದ ಮುರುಕು ಕೈಬರಹವನ್ನು ಬಲ್ಲವರು ಬೇಕು. ಅಂಥವರು ಈ ಸೀಮೆಯಲ್ಲಿ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಇತಿಹಾಸ ವಿಭಾಗಗಳು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆ ಲಿಪಿಯನ್ನು ಕಲಿಸಿ, ಪ್ರತಿ ಪುಟವನ್ನು ಅದರ ಸರ್ವೆ ನಂಬರಿಗೂ ತೇದಿಗೂ ಕಟ್ಟುವ ಕೆಲಸದಲ್ಲಿ ತೊಡಗಿಸಬಹುದು. ತೇದಿಯಲ್ಲಿಯೂ ಎಚ್ಚರ ಅಗತ್ಯ: ಪುಟದ ಮೇಲಿರುವುದು ಫಸಲಿ ವರ್ಷ, ಅದಕ್ಕೆ 590 ಕೂಡಿಸಿದರೆ ಅದು ಆರಂಭವಾಗುವ ಇಸವಿ. ಫಸಲಿ 1358 ಎಂದರೆ 1948ರ ಅಕ್ಟೋಬರಿನಿಂದ ಒಂದು ವರ್ಷ. ನಿಜಾಮರ ಸೈನ್ಯ ಶರಣಾದ ಮರುತಿಂಗಳೇ ಆರಂಭವಾದ, ಜಾಗೀರುಗಳು ರದ್ದಾದ ವರ್ಷ ಅದು. ದೇವದುರ್ಗ, ಮಾನ್ವಿ ತಾಲೂಕುಗಳ ಆ ಒಂದು ವರ್ಷದ ಪುಟಗಳಿಂದಲೇ ಕೆಲಸವನ್ನು ಮೊದಲು ಮಾಡಬಹುದೆಂದು ನಮ್ಮ ಸೂಚನೆ.