ಲಿಫ್ಟ್ ಕಿಟ್ ಏನನ್ನು ಎತ್ತುತ್ತದೆ?

ಹೊಸ ಜಿಮ್ನಿಯನ್ನೋ ಥಾರನ್ನೋ ಕೊಂಡವರಿಗೆ ಮೊದಲು ಸಿಗುವ ಸಲಹೆ ಒಂದೇ: ಎರಡು ಇಂಚು ಲಿಫ್ಟ್ ಹಾಕಿಸಿ, ದೊಡ್ಡ ಟೈರ್ ಏರಿಸಿ, ಆಮೇಲೆ ಆಫ್‌ರೋಡ್ ಮಾತು. ಗಾಡಿ ಎತ್ತರವಾದಷ್ಟೂ ಗಟ್ಟಿಗ ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಜಿಮ್ನಿಯ ಅಡಿಗೆ ಬಗ್ಗಿ ನೋಡಿ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್. ಅದರಲ್ಲಿ ಉಬ್ಬಿಕೊಂಡ ಡಿಫರೆನ್ಷಿಯಲ್ ಹೌಸಿಂಗೇ ಕಲ್ಲಿಗೆ ಮೊದಲು ತಾಗುವುದು. ಲಿಫ್ಟ್ ಕಿಟ್ಟಿನ ಉದ್ದನೆಯ ಸ್ಪ್ರಿಂಗ್ ಕೂರುವುದು ಆ ಆಕ್ಸಲಿನ ಮೇಲೆ. ಹಾಗಾಗಿ ಮೇಲೇರುವುದು ಚಾಸಿ ಮತ್ತು ಬಾಡಿ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ಟೈರ್, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. ಕಂಪನಿ ಕೊಡುವ 195/80 ಆರ್15 ಟೈರಿನ ವ್ಯಾಸ ಸುಮಾರು 693 ಮಿ.ಮೀ., 235/75 ಆರ್15 ಹಾಕಿದರೆ 733. ಇಷ್ಟೆಲ್ಲ ಮಾಡಿ ದಕ್ಕಿದ್ದು 20 ಮಿ.ಮೀ.

ತೆರುವ ಬೆಲೆ ಅದಕ್ಕಿಂತ ದೊಡ್ಡದು. ಟೈರ್ ಹಿಗ್ಗಿದಷ್ಟೂ ಗೇರಿನ ಎಳೆತ ಕುಗ್ಗುತ್ತದೆ; ಇಲ್ಲಿ ಸುಮಾರು ಶೇ. 6ರಷ್ಟು. ಲೋ ಗೇರಿನಲ್ಲಿ ತೆವಳಬೇಕಾದ ಕಡೆಯೇ ಬಲ ಸಾಲದು. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕು, ಚಾರ್ಮಾಡಿ ಘಾಟಿ ಇಳಿಯುವಾಗ ಅದು ಸಣ್ಣ ಮಾತಲ್ಲ. ಲಿಫ್ಟಿನಿಂದ ಮುಂದಿನ ಆಕ್ಸಲ್ ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಆಕ್ಸಲನ್ನು ಅಡ್ಡಡ್ಡ ಅಲುಗದಂತೆ ಚಾಸಿಗೆ ಕಟ್ಟಿಹಿಡಿಯುವ ಪ್ಯಾನ್‌ಹಾರ್ಡ್ ರಾಡನ್ನು ಸರಿಪಡಿಸದಿದ್ದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿದೇ ಇರುತ್ತದೆ. ಎಲ್ಲಕ್ಕಿಂತ ಭಯದ್ದು, ಭಾರವೆಲ್ಲ ಮೇಲೆ ಹೋಗಿ ಅಡ್ಡ ಇಳಿಜಾರಿನಲ್ಲಿ ಗಾಡಿ ಬೇಗ ಮಗುಚುತ್ತದೆ.

ಲಿಫ್ಟಿಗೆ ಕೆಲಸವೇ ಇಲ್ಲವೆಂದಲ್ಲ. ಚೂಪು ದಿಬ್ಬ ದಾಟುವಾಗ ಹೊಟ್ಟೆ ತಾಗುವುದು, ಹಳ್ಳಕ್ಕಿಳಿಯುವಾಗ ಬಂಪರ್ ಉಜ್ಜುವುದು ತಪ್ಪುತ್ತದೆ. ಬಂಡೆ ಹತ್ತುವ ಸ್ಪರ್ಧೆಗೆ ಅದು ಬೇಕು.

ಆದರೆ ಮಲೆನಾಡಿನ ಮಳೆಗಾಲದಲ್ಲಿ ಗಾಡಿ ನಿಲ್ಲುವುದು ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ರಸ್ತೆ ಟೈರಿನ ಗೀರುಗಳಲ್ಲಿ ಕೆಮ್ಮಣ್ಣು ತುಂಬಿಕೊಂಡರೆ ಚಕ್ರ ಇದ್ದಲ್ಲೇ ಸುತ್ತುತ್ತದೆ. ಅದಕ್ಕೆ ಮದ್ದು ಅದೇ ಅಳತೆಯ, ಆಳ ಗೀರಿನ ಮಡ್ ಟೈರ್. ಜೊತೆಗೆ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನಿಧಾನಕ್ಕೆ ಓಡಿಸುವುದು, ಡಾಂಬರಿಗೆ ಬಂದಾಗ ಮತ್ತೆ ತುಂಬಿಸಲು ಒಂದು ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳುವುದು. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳಲ್ಲಿ ಕೂತವರಿಗೆ ಗೊತ್ತು, ಯಾವ ಕಲ್ಲಿನ ಮೇಲೆ ಚಕ್ರ ಇಡಬೇಕೆಂದು ಬಲ್ಲ ಚಾಲಕನ ಕಣ್ಣಿಗೆ ಸಮನಾದ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾನೂನೂ ಇದೆ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ.

ಮೊದಲ ಮಳೆಗಾಲವನ್ನು ಕಂಪನಿ ಕೊಟ್ಟ ಎತ್ತರದಲ್ಲೇ ಕಳೆಯಿರಿ. ಗಾಡಿ ಸಿಕ್ಕಿಕೊಂಡಾಗಲೆಲ್ಲ ಇಳಿದು ಅಡಿಯಲ್ಲಿ ನೋಡಿ. ಪ್ರತಿಸಲವೂ ಚಾಸಿಯೇ ತಾಗುತ್ತಿದ್ದರೆ ಲಿಫ್ಟ್ ಯೋಚಿಸಿ. ಏನೂ ತಾಗದೆ ಚಕ್ರ ಸುತ್ತುತ್ತಿದ್ದರೆ ಆ ದುಡ್ಡನ್ನು ಒಳ್ಳೆಯ ಟೈರಿಗೂ ಚಾಲನೆಯ ತರಬೇತಿಗೂ ಹಾಕಿ.